ಕೀಲೆಣ್ಣೆ ಹಾಕಿದ ಕಾರು

ಬೆಳಿಗ್ಗೆ ಕಾರು ಹೊರಡಿಸುವ ಮುಂಚೆ ದೊಡ್ಡಯ್ಯ ಸ್ಟೇರಿಂಗನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೊನೆಯವರೆಗೂ ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದ. ಮಳೆ ಬರಲಿ, ಮೈಯಲ್ಲಿ ಜ್ವರವಿರಲಿ, ಇದು ಮಾತ್ರ ತಪ್ಪುತ್ತಿರಲಿಲ್ಲ. ಎತ್ತುಗಳನ್ನು ನೊಗಕ್ಕೆ ಕಟ್ಟುವ ಮುಂಚೆ ಅವುಗಳ ಕಾಲು ಸವರಿ ನೋಡುತ್ತಿದ್ದವನಿಗೆ ಅದು ಸಹಜವಾಗಿ ಬಂದಿತ್ತು. ದಂಡಿಗನಹಳ್ಳಿಯವನಾದ ಅವನು ಶ್ರವಣಬೆಳಗೊಳದ ಪಾತ್ರೆ ವ್ಯಾಪಾರಿ ಪದ್ಮರಾಜಯ್ಯನವರ ಮನೆಯಲ್ಲಿ ಹನ್ನೆರಡು ವರ್ಷ ಗಾಡಿ ಹೊಡೆದಿದ್ದ. ಅವರು ಹಳೆಯ ಕಾರೊಂದನ್ನು ಕೊಂಡಾಗ ಹಾಸನದಲ್ಲಿ ಎರಡು ತಿಂಗಳಿದ್ದು, ಕಲಿತು ಬಂದು ಡ್ರೈವರಾದ.

೧೯೬೨ರ ಮಾಘ ಮಾಸದ ಒಂದು ಬುಧವಾರ, ಎಡಕ್ಕೆ ತಿರುಗಿಸುವಾಗ ಮುಂದಿನ ಚಕ್ರದ ಬಳಿ ಕಿರಗುಟ್ಟುವ ಸದ್ದು ಶುರುವಾಗಿ ಕೊನೆಯಲ್ಲಿ ಕಟಕ್ ಎಂದಿತು. ಬಲಕ್ಕೆ ತಿರುಗಿಸಿದ, ಸದ್ದಿಲ್ಲ. ಮತ್ತೆ ಎಡಕ್ಕೆ ತಿರುಗಿಸಿದರೆ ಮತ್ತೆ ಕಟಕ್.

ಶುಕ್ರವಾರ ಬೆಳಿಗ್ಗೆ ಪದ್ಮರಾಜಯ್ಯನವರ ತಾಯಿ ಜಿನಮ್ಮನವರನ್ನು ಕಣ್ಣಿನ ಆಪರೇಷನ್ನಿಗೆ ಹಾಸನಕ್ಕೆ ಕರೆದೊಯ್ಯಬೇಕಿತ್ತು. ಅವರ ಒಂದು ಕಣ್ಣು ಪೂರಾ ಹೋಗಿತ್ತು. ಇನ್ನೊಂದರಲ್ಲಿ ಮಸುಕು ಬೆಳಕು ಉಳಿದಿತ್ತು. ಎರಡು ತಿಂಗಳು ಕಾದ ಮೇಲೆ ಸಿಕ್ಕ ದಿನ ಅದು. ದಾರಿಯಲ್ಲಿ ಕೆರೆಯ ಏರಿ, ಏರಿಯ ತುದಿಯಲ್ಲಿ ಎಡತಿರುವು. ಅಲ್ಲಿ ಸ್ಟೇರಿಂಗ್ ಹಿಡಿದುಕೊಂಡುಬಿಟ್ಟರೆ? ದೊಡ್ಡಯ್ಯ ಮುಂದಿಟ್ಟ ರೊಟ್ಟಿಯನ್ನು ಬಿಟ್ಟು ಎದ್ದ.

ಖಾಲಿ ಕಾರನ್ನು ಚನ್ನರಾಯಪಟ್ಟಣಕ್ಕೆ ಹೊರಡಿಸಿದ. ಏರಿಯ ಮೇಲೆ ಆಳು ನಡೆಯುವ ವೇಗದಲ್ಲಿ ಹೋಗುತ್ತಿದ್ದಾಗ ಹಿಂದೆ ಬಂದ ಬಸ್ಸಿನ ಕಂಡಕ್ಟರು ಕುತ್ತಿಗೆ ಹೊರಗೆ ಹಾಕಿ, “ಏನ್ ಡ್ರೈವರಣ್ಣ, ಮೆರವಣಿಗೆ ಒಂಟದಾ? ಒಳಗೆ ಮದುವೆ ಗಂಡು ಕುಂತವ್ನಾ?” ಎಂದ. ದೊಡ್ಡಯ್ಯ ತಿರುಗಿಯೂ ನೋಡಲಿಲ್ಲ. ಅವನ ಕಿವಿಯೆಲ್ಲ ಚಕ್ರದ ಕಡೆಗಿತ್ತು.

ಪಟ್ಟಣದ ಮೆಕ್ಯಾನಿಕ್ ಷಡಕ್ಷರಿ, ವಯಸ್ಸಿನಲ್ಲಿ ದೊಡ್ಡಯ್ಯನಿಗಿಂತ ಚಿಕ್ಕವನು, ಮೊದಲು ಕಾರಿನ ಭಾರ ಹೊರುವ ಉಕ್ಕಿನ ಕಮಾನನ್ನು ಅನುಮಾನಿಸಿದ. ಕಮಾನಿನ ಪಟ್ಟಿಗಳ ಮೇಲೆ ಅಂಗೈಯಿಟ್ಟು ಸ್ಟೇರಿಂಗ್ ತಿರುಗಿಸಲು ಹೇಳಿದ. ಸದ್ದು ಬಂತು, ಪಟ್ಟಿ ಅದುರಲಿಲ್ಲ. ಬೋಲ್ಟುಗಳನ್ನೆಲ್ಲ ಬಿಗಿದು ನೋಡಿದ, ಸಡಿಲವಾದದ್ದು ಒಂದೂ ಇರಲಿಲ್ಲ. ಮಧ್ಯಾಹ್ನ ಕಳೆಯಿತು. ಕೊನೆಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಡಚಕ್ರದ ಹಿಂದಿನ ಕಬ್ಬಿಣಕ್ಕೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿಕೊಂಡ. ಜಾಕ್ ಕೊಟ್ಟು ಚಕ್ರವನ್ನು ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದ. ಚಕ್ರ ಬೀಳಲಿರುವ ಹಲ್ಲಿನಂತೆ ಅಲುಗಿತು. ಬಾಗಿಲು ಕೀಲಿನ ಮೇಲೆ ತಿರುಗುವ ಹಾಗೆ ಚಕ್ರವು ಎಡಬಲಕ್ಕೆ ತಿರುಗುವುದು ಕಿಂಗ್ ಪಿನ್ನಿನ ಮೇಲೆ. ಸವೆದದ್ದು ಅದು.

“ಇದ್ಕೆ ಗ್ರೀಸ್ ಒಡೀತಿದ್ಯಾ ದೊಡ್ಡಯ್ಯಣ್ಣ?”

“ಒಡೀತಿದ್ದೆ.”

ಹಾಗಾದರೆ ಎಡಗಡೆಯದೊಂದನ್ನು ಬದಲಾಯಿಸಿದರೆ ಸಾಕು, ಪಿನ್ನೊಂದು ತನ್ನಲ್ಲೇ ಇದೆ, ಸಂಜೆಗೆ ಹೊರಡಬಹುದು ಎಂದ ಷಡಕ್ಷರಿ. ದೊಡ್ಡಯ್ಯ ಬಲಚಕ್ರವನ್ನು ನೋಡಿದ. ಏರಿ ಕಣ್ಣ ಮುಂದೆ ಬಂತು.

“ಆಗ್ಲೆ ಯೋಳಿದ್ದು ಸುಳ್ಳು ಕಣಪ್ಪ. ಗ್ರೀಸ್ ಮುಟ್ಟಿ ವರ್ಸ ಆಯ್ತು. ಎರಡು ಕಡೀಕೂ ಕೀಲೆಣ್ಣೆ ಬುಡ್ತಿದ್ದೆ.”

ನಡೆದದ್ದು ಇಷ್ಟು. ಗ್ರೀಸಿಗೆ ಪ್ರಾಣಿಗಳ ಕೊಬ್ಬು ಸೇರಿಸುತ್ತಾರೆಂದು ಯಾತ್ರೆಗೆ ಬಂದವರೊಬ್ಬರು ಜಿನಮ್ಮನವರಿಗೆ ಹೇಳಿದ್ದರು. ನೀರನ್ನು ಸೋಸಿ ಕುಡಿಯುವ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಜೀವ ಅದು. ನೊಂದುಕೊಂಡು, ಕೀಲೆಣ್ಣೆಯೆಂದು ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಹರಳೆಣ್ಣೆಯನ್ನೇ ಕಾರಿಗೂ ಹಾಕಬಾರದೇ ಎಂದು ಕೇಳಿದ್ದರು. ಹನ್ನೆರಡು ವರ್ಷ ಆ ಎಣ್ಣೆಯ ಮೇಲೇ ಗಾಡಿ ಓಡಿಸಿದ್ದ ದೊಡ್ಡಯ್ಯನಿಗೂ ಅದು ಸರಿಯೆನಿಸಿತ್ತು. ಗ್ರೀಸ್ ಗನ್ನನ್ನು ತೊಳೆದು ಅವನೇ ಎಣ್ಣೆ ತುಂಬಿದ್ದ.

ಷಡಕ್ಷರಿ ನಗಲಿಲ್ಲ. ಗಾಡಿಯ ಅಚ್ಚಿಗೆ ದಾರಿಯುದ್ದಕ್ಕೂ ಎಣ್ಣೆ ಕುಡಿಸುತ್ತೀರಿ, ಇಲ್ಲಿ ಅದು ನಾಲ್ಕು ದಿನದಲ್ಲಿ ಸೋರಿ ಹೋಗುತ್ತದೆ ಎಂದ. ಎರಡೂ ಕಡೆ ಬಿಚ್ಚಿದ. ಎಣ್ಣೆ ಧೂಳಿನೊಡನೆ ಸೇರಿ ಅಂಟಾಗಿತ್ತು. ಸದ್ದೇ ಮಾಡದಿದ್ದ ಬಲಗಡೆಯ ಪಿನ್ನಿನಲ್ಲಿ ಉಗುರು ಇಳಿಯುವಷ್ಟು ಗೀರು ಬಿದ್ದಿತ್ತು. ದೊಡ್ಡಯ್ಯ ಅದನ್ನು ಬೆರಳಿಟ್ಟು ಸವರಿ ನೋಡಿದ.

ಇನ್ನೊಂದು ಪಿನ್ನು ಹಾಸನದಿಂದ ಗುರುವಾರದ ಬಸ್ಸಿನಲ್ಲಿ ಬಂತು. ಮಧ್ಯಾಹ್ನಕ್ಕೆ ಜೋಡಿಸಿ, ಗ್ರೀಸ್ ತುಂಬಿ ತಿರುಗಿಸಿದಾಗ ಚಕ್ರ ಸದ್ದಿಲ್ಲದೆ ತಿರುಗಿತು. ಆದರೂ ದೊಡ್ಡಯ್ಯನ ಎದೆ ಹಗುರಾಗಲಿಲ್ಲ. ಇದರಲ್ಲಿ ಕೊಬ್ಬು ಇದೆಯೇ ಎಂದು ಕೇಳಿದ. ಷಡಕ್ಷರಿ ಡಬ್ಬವನ್ನು ತಿರುಗಿಸಿ ನೋಡಿ, ಇಲ್ಲವೆಂದು ತಾನು ಆಣೆಯಿಡಲಾರೆ ಎಂದ. ಹೇಳಿದರೆ ಜಿನಮ್ಮ ಕಾರು ಹತ್ತದೆ ಇರಬಹುದು, ಇರುವ ಕಣ್ಣೂ ಹೋಗಬಹುದು. ಹೇಳದಿದ್ದರೆ ಅವರು ದೊಡ್ಡಯ್ಯನನ್ನು ನಂಬಿ, ತಿಳಿಯದೆ ನೇಮ ಕೆಡಿಸಿಕೊಂಡು ಕೂರುತ್ತಾರೆ.

ಅವನ ಮುಖ ನೋಡಿ ಷಡಕ್ಷರಿ ಒಂದು ಬಟ್ಟೆಯನ್ನು ಹರಳೆಣ್ಣೆಯಲ್ಲಿ ಅದ್ದಿ ಚಕ್ರದ ಒಳಬದಿಗೆ ಸವರತೊಡಗಿದ.

“ಅಜ್ಜಿಗೆ ಕಣ್ ಕಾಣಕ್ಕಿಲ್ಲ. ವಾಸ್ನೆ ಬಂದ್ರೆ ನಂಬ್ತಾರೆ. ನಾನೂ ಬಾಯಿ ಬುಡಕ್ಕಿಲ್ಲ, ನೀನು ನೆಮ್ಮದಿಯಾಗಿ ಓಗು.”

ದೊಡ್ಡಯ್ಯ ಅವನ ಕೈ ಹಿಡಿದ.

“ಬ್ಯಾಡ ಕಣಪ್ಪ, ಒರೆಸ್ಬುಡು. ಏನ್ ಆಕ್ಸಿದೀನಿ ಅಂತ ನಾನೇ ಯೋಳ್ತೀನಿ. ಕಾರು ಅತ್ತೋದು ಬುಡೋದು ಅಮ್ಮಾವ್ರಿಗೆ ಸೇರಿದ್ದು.”