ಮೊದಲು ಉಸಿರು ಕಟ್ಟು

ಹತ್ತೊಂಬತ್ತು ವರ್ಷ ಮೂರು ಪಾಳಿಯಲ್ಲಿ ದುಡಿದವನಿಗೆ ನಿದ್ದೆಯ ವಿಷಯದಲ್ಲಿ ನಾಚಿಕೆ ಉಳಿದಿರುವುದಿಲ್ಲ. ನಾನು ಮದುವೆ ಮನೆಯ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಮಾಡಿದ್ದೇನೆ. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಸೋಪು ಹಚ್ಚಿಸಿಕೊಂಡು ಗೊರಕೆ ಹೊಡೆದಿದ್ದೇನೆ. ನಲವತ್ತು ದಾಟಿದ ಮೇಲೆ ನೀರಿನಡಿ ಉಸಿರಾಡುವುದನ್ನು ಕಲಿಯಲು ಯಾಕೆ ಹೋದೆ ಎಂದು ಯಾರಾದರೂ ಕೇಳಿದರೆ ಸಾಹಸ, ಸಮುದ್ರ, ಬಣ್ಣದ ಮೀನು ಎಂದೆಲ್ಲ ಬುರುಡೆ ಬಿಡುವುದಿಲ್ಲ. ನಾನು ಹೋದದ್ದು ನಿದ್ದೆಗಾಗಿ.

ಭದ್ರಾವತಿಯಲ್ಲಿ ನಾನಿದ್ದ ಕಾರ್ಖಾನೆಗೆ ಹೊಳೆಯಿಂದ ನೀರು ಎಳೆಯಲು ಒಂದು ಬಾವಿಯಿತ್ತು. ಅದರ ತಳದಲ್ಲಿದ್ದ ಕಬ್ಬಿಣದ ಜಾಲರಿಗೆ ಕಸಕಡ್ಡಿ, ಹರಿದ ಸೀರೆ, ಗೊಬ್ಬರದ ಚೀಲ ಸಿಕ್ಕಿಕೊಂಡು ವರ್ಷಕ್ಕೆ ನಾಲ್ಕೈದು ಸಲ ನೀರು ನಿಲ್ಲುತ್ತಿತ್ತು. ಆಗ ಕರಾವಳಿಯಿಂದ ಮುಳುಗುವವರನ್ನು ಕರೆಸಬೇಕು, ಅವರು ಬರುವಷ್ಟರಲ್ಲಿ ಎರಡು ದಿನ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮಲ್ಲೇ ಇಬ್ಬರನ್ನು ತಯಾರು ಮಾಡಿದರೇನು ಎಂದು ಮೇಲಿನವರಿಗೆ ಅನ್ನಿಸಿತು. ತಯಾರಾದವರಿಗೆ ಕಾಯಂ ಜನರಲ್ ಶಿಫ್ಟ್. ಅಂದರೆ ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವುದು, ಮನುಷ್ಯರು ಮಲಗುವ ಹೊತ್ತಿಗೆ ಮಲಗುವುದು. ನೋಟಿಸ್ ಬೋರ್ಡಿನಲ್ಲಿ ಅದನ್ನು ಓದಿದ ದಿನವೇ ಹೆಸರು ಕೊಟ್ಟೆ.

ನನ್ನ ಜೊತೆ ಹೆಸರು ಕೊಟ್ಟವನು ಕ್ರೇನ್ ಓಡಿಸುತ್ತಿದ್ದ ಗೆಳೆಯ. ಜನ್ನಾಪುರದಲ್ಲಿ ನಮ್ಮದೇ ಸಾಲಿನ ಮೂರನೇ ಮನೆ. ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ, ಕ್ರೇನಿನ ಮೇಲೆ ಕೂತರೆ ಎರಡೂ ಭಾಷೆಯ ಬೈಗುಳ. ನಾಲೆಯಲ್ಲಿ ಈಜು ಕಲಿತವನು, ನೀರೆಂದರೆ ಹೆದರಿಕೆಯಿಲ್ಲ. ಅವನಿಗೂ ಬೇಕಾಗಿದ್ದದ್ದು ಆ ಜನರಲ್ ಶಿಫ್ಟೇ.

ಇಲ್ಲಿ ನನ್ನ ಕೆಲಸ ಏನೆಂದು ಹೇಳಬೇಕು. ನಾನು ಸುರಕ್ಷತಾ ವಿಭಾಗದವನು. ಕುಲುಮೆಯಿಂದ ಸೋರುವ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲ್ಕು ಉಸಿರು ಎಳೆಯುವಷ್ಟರಲ್ಲಿ ಕಾಲು ಸೋಲುತ್ತದೆ. ಹೊಸದಾಗಿ ಸೇರಿದವರಿಗೆಲ್ಲ ಗ್ಯಾಸ್ ಮಾಸ್ಕ್ ಪಾಠ ಹೇಳುತ್ತಿದ್ದವನು ನಾನು. ಪಾಠ ಒಂದೇ ಸಾಲಿನದು: ಮಾಸ್ಕ್ ಜಾರಿದರೆ ಮೊದಲು ಉಸಿರು ಕಟ್ಟು, ಆಮೇಲೆ ಉಳಿದದ್ದು. ಅವರು ಮಾಸ್ಕ್ ಹಾಕಿಕೊಂಡು ಏನೋ ಕೆಲಸದಲ್ಲಿ ಮುಳುಗಿರುವಾಗ ನಾನು ಕಳ್ಳಹೆಜ್ಜೆ ಇಟ್ಟು ಹಿಂದಿನಿಂದ ಹೋಗಿ ಅದನ್ನು ಕಿತ್ತೆಳೆಯುತ್ತಿದ್ದೆ. ತಕ್ಷಣ ಉಸಿರು ಕಟ್ಟಿ, ಕಣ್ಣು ಮುಚ್ಚಿ, ತಡಕಾಡಿ ಮಾಸ್ಕ್ ಹಾಕಿಕೊಳ್ಳಬೇಕು. ಮಾಸ್ಕ್ ಕೈಗೆ ಸಿಗದಿದ್ದರೆ ಉಸಿರು ಬಿಗಿಹಿಡಿದೇ ಬಯಲಿಗೆ ಓಡಬೇಕು. ಗಾಬರಿಯಲ್ಲಿ ಬಾಯಿ ತೆರೆದವನು ಇಡೀ ಬ್ಯಾಚಿಗೆ ಟೀ ಕೊಡಿಸಬೇಕು. ಇದು ನಮ್ಮಲ್ಲಿ ತಲೆತಲಾಂತರದಿಂದ ಬಂದ ಪದ್ಧತಿ. ಕ್ರೇನಿನ ಗೆಳೆಯ ಟೀ ಕೊಡಿಸಿದ್ದು ಒಂದೇ ಸಲ, ಮೊದಲ ವರ್ಷ. ಆಮೇಲೆ ಪ್ರತಿವರ್ಷದ ಮರುಪಾಠದಲ್ಲಿ ನಾನು ಎಷ್ಟೇ ಸದ್ದಿಲ್ಲದೆ ಹೋಗಿ ಎಳೆದರೂ ಅವನು ಬಾಯಿ ಬಿಗಿದುಕೊಂಡೇ ಕಣ್ಣಲ್ಲಿ ನಗುತ್ತಿದ್ದ.

ತರಬೇತಿ ನಾಲ್ಕು ದಿನ, ಶಿವಮೊಗ್ಗದಲ್ಲಿ, ಗೋಪಾಳದಾಚೆಯ ಒಂದು ಈಜುಕೊಳದಲ್ಲಿ. ರಜೆ ಕೊಡಲಿಲ್ಲ. ರಾತ್ರಿ ಪಾಳಿ ಮುಗಿಸಿ ಹಾಗೇ ಬಸ್ಸು ಹತ್ತುತ್ತಿದ್ದೆವು. ಹತ್ತಿದ ಕೂಡಲೇ ಇಬ್ಬರಿಗೂ ನಿದ್ದೆ. ಮಲವಗೊಪ್ಪದ ಹತ್ತಿರ ರಸ್ತೆಯಲ್ಲೊಂದು ಹೊಂಡವಿತ್ತು, ಅಲ್ಲಿ ತಲೆ ಕಿಟಕಿಯ ಸರಳಿಗೆ ಬಡಿದು ಎಚ್ಚರವಾಗುತ್ತಿತ್ತು. ಇನ್ನು ಇಳಿಯುವುದು ಹತ್ತಿರವೆಂದು ಗೊತ್ತಾಗುತ್ತಿದ್ದದ್ದು ಹಾಗೆ.

ಕಲಿಸಲು ಬಂದವನಿಗೆ ಮೂವತ್ತು ಇರಬಹುದು. ಕಪ್ಪು ಕನ್ನಡಕ, ಕೈಗೆ ದೊಡ್ಡ ಗಡಿಯಾರ, ಬಾಯಿ ತುಂಬ ನಗು. ಮೊದಲ ದಿನ ಅರ್ಧ ಗಂಟೆಯಲ್ಲಿ ಸಿಲಿಂಡರು, ನಳಿಗೆ, ಕಣ್ಣು ಮೂಗು ಮುಚ್ಚುವ ಮಾಸ್ಕು ಎಲ್ಲವನ್ನೂ ತೋರಿಸಿ ಮುಗಿಸಿದ. ಇಂಗ್ಲಿಷಿನ ನಾಲ್ಕು ಹಾಳೆಗೆ ಸಹಿ ಹಾಕಿಸಿಕೊಂಡ, ಒಂದು ಪುಸ್ತಿಕೆ ಕೊಟ್ಟ. ನಾನು ಏನಾದರೂ ಕೇಳಲು ಬಾಯಿ ತೆರೆದರೆ, "ಟೆನ್ಷನ್ ತಗೋಬೇಡಿ ಸರ್, ಮಿಕ್ಕಿದ್ದು ನೀರೇ ಕಲಿಸುತ್ತೆ" ಎನ್ನುತ್ತಿದ್ದ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ನೀರು ಯಾರಿಗೂ ಏನೂ ಕಲಿಸುವುದಿಲ್ಲ, ಗ್ಯಾಸೂ ಅಷ್ಟೇ. ಕಲಿಸಬೇಕಾದವನು ಸೋಮಾರಿಯಾದಾಗ ಹುಟ್ಟುವ ಮಾತು ಅದು.

ಆಮೇಲೆ ನಮ್ಮ ಈ ಗುರು ಒಂದು ಪಂದ್ಯ ಇಟ್ಟ. ಕೊಳದ ಅಂಚಿನಲ್ಲಿ ತಲೆ ಮುಳುಗಿಸಿ ಯಾರು ಹೆಚ್ಚು ಹೊತ್ತು ಉಸಿರು ಕಟ್ಟುತ್ತಾರೆ ನೋಡೋಣ ಎಂದ. ನಾನು ಒಂದು ನಿಮಿಷಕ್ಕೆ ಮೇಲೆ ಬಂದೆ. ಗೆಳೆಯ ಮೇಲೆ ಬರುವ ಲಕ್ಷಣವೇ ಕಾಣಲಿಲ್ಲ. ಬಂದಾಗ ಗುರು ಚಪ್ಪಾಳೆ ತಟ್ಟಿದ.

"ಸೂಪರ್ ಸರ್! ನೀವು ಹುಟ್ಟಾ ಡೈವರ್ರು!"

ಗೆಳೆಯ ನನ್ನ ಕಡೆ ಕೈ ತೋರಿಸಿ, "ನಮ್ ಮೇಷ್ಟ್ರು ಇಲ್ಲೇ ಅವ್ರೆ ಸಾರ್" ಅಂದ. ನನಗೂ ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ.

ಎರಡನೆಯ ದಿನ ಬಾಯಿಗೆ ನಳಿಗೆ ಕಚ್ಚಿಕೊಂಡು ಹನ್ನೆರಡು ಅಡಿ ಆಳದ ಕಡೆ ಇಳಿದೆವು. ನೀರಿನಡಿಯ ಮೊದಲ ಉಸಿರನ್ನು ನಾನು ಇವತ್ತಿಗೂ ಮರೆತಿಲ್ಲ. ಕುಕ್ಕರಿನಿಂದ ಹಬೆ ಸಣ್ಣಗೆ ಬಿಡುವಂಥ ಸದ್ದು, ಆಮೇಲೆ ಗುಳುಗುಳು, ಆಮೇಲೆ ಏನೂ ಇಲ್ಲ. ಸೈರನ್ ಇಲ್ಲ, ಫೋರ್‌ಮನ್ ಇಲ್ಲ. ಮಂಡಿಯ ನೋವೂ ಇರಲಿಲ್ಲ. ಇಲ್ಲೇ ಒಂದು ಚಾಪೆ ಹಾಸಿದರೆ ಹದಿನೈದು ದಿನ ಮಲಗಿಬಿಡುತ್ತೇನೆ ಎನ್ನಿಸಿತು. ಅಷ್ಟು ಸುಖಪಟ್ಟೆ.

ಅವತ್ತು ಸಂಜೆ, ರಾತ್ರಿ ಪಾಳಿಗೆ ಹೋಗುವ ಮುಂಚೆ, ಆ ಪುಸ್ತಿಕೆಯನ್ನು ಹೆಂಡತಿಗೆ ಕೊಟ್ಟೆ. ಅವಳು ಶಾಲೆಯ ಟೀಚರು, ನನಗಿಂತ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದವಳು ಒಂದು ಕಡೆ ನಿಂತಳು. ಚೌಕದೊಳಗೆ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ಸಾಲು.

"ಇದೇನ್ರೀ, ಯಾವ ಕಾರಣಕ್ಕೂ ಉಸಿರು ಕಟ್ಟಬಾರದು ಅಂತ ಬರ್ದಿದಾರೆ? ನೀವು ಕಾರ್ಖಾನೇಲಿ ಹೇಳ್ಕೊಡೋದಕ್ಕೆ ಉಲ್ಟಾ ಆಯ್ತಲ್ಲ."

ಕೆಳಗೆ ಕಾರಣವನ್ನೂ ಕೊಟ್ಟಿದ್ದರು. ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುತ್ತಾ ಹಿಗ್ಗುತ್ತದೆ. ಬಾಯಿ ಬಿಗಿದುಕೊಂಡು ಮೇಲೆದ್ದರೆ ಅದಕ್ಕೆ ಹೊರಗೆ ಹೋಗಲು ದಾರಿಯಿಲ್ಲ, ಶ್ವಾಸಕೋಶ ಹರಿಯುತ್ತದೆ. ಅವಳು ಎರಡು ಸಲ ಓದಿ ಹೇಳಿದಳು.

ಮರುದಿನ ಬಸ್ಸಿನಲ್ಲಿ ಗೆಳೆಯನಿಗೆ ಹೇಳೋಣವೆಂದುಕೊಂಡೆ. ಅವನು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಪಾಪ, ಮಲಗಲಿ, ಮೊದಲು ಗುರುವನ್ನೇ ಕೇಳಿ ಖಾತ್ರಿ ಮಾಡಿಕೊಳ್ಳೋಣ ಎಂದು ನಾನೂ ಕಣ್ಣು ಮುಚ್ಚಿದೆ. ಕೊಳದ ಹತ್ತಿರ ಗುರುವನ್ನು ಪಕ್ಕಕ್ಕೆ ಕರೆದು ಕೇಳಿದೆ.

"ಅದು ಸಮುದ್ರಕ್ಕೆ ಸರ್, ನೂರಡಿ ಆಳಕ್ಕೆ. ಇದು ಸ್ವಿಮ್ಮಿಂಗ್ ಪೂಲು. ಬುಕ್ ಓದಿ ತಲೆ ಕೆಡಿಸ್ಕೋಬೇಡಿ" ಎಂದು ಭುಜ ತಟ್ಟಿದ.

ಪುಸ್ತಿಕೆಯಲ್ಲಿ ನೂರಡಿ ಎಂದು ಎಲ್ಲೂ ಇರಲಿಲ್ಲ. ಅದನ್ನು ಹೇಳಬಹುದಿತ್ತು, ಹೇಳಲಿಲ್ಲ. ನಮ್ಮ ವರದಿ ಬರೆಯುವವನು ಅವನು, ತಕರಾರಿನ ಆಸಾಮಿ ಎಂದು ಬರೆದರೆ ನನ್ನ ಜನರಲ್ ಶಿಫ್ಟ್ ಹೋಯಿತು. ಅತ್ತ ಗೆಳೆಯ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳುತ್ತಿದ್ದ. ಹತ್ತು ಹೆಜ್ಜೆ ನಡೆದು ಹೋಗಿ ಹತ್ತು ಮಾತು ಆಡಿದ್ದರೆ ಸಾಕಿತ್ತು. ಸಂಜೆ ಬಸ್ಸಿನಲ್ಲಿ ಹೇಳಿದರಾಯಿತು ಎಂದುಕೊಂಡೆ.

ಮೂವರೂ ಕೊಳದ ತಳದಲ್ಲಿ ಮಂಡಿಯೂರಿ ಕೂತಿದ್ದೆವು. ಗುರು ಎದ್ದು ಗೆಳೆಯನ ಹಿಂದಕ್ಕೆ ಹೋದ. ಹೋದ ರೀತಿ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಯಾಕೆಂದರೆ ಅದು ನನ್ನದೇ ನಡಿಗೆ. ಮುನ್ಸೂಚನೆಯಿಲ್ಲ, ಒಂದು ಸಲವೂ ಅಭ್ಯಾಸ ಮಾಡಿಸಿಲ್ಲ. ಹಿಂದಿನಿಂದ ಕೈ ಹಾಕಿ ಗೆಳೆಯನ ಮಾಸ್ಕನ್ನು ಕಿತ್ತೆಳೆದ. ಬಾಯಿಯ ನಳಿಗೆ ಹಾಗೇ ಇತ್ತು, ಗಾಳಿ ಬರುತ್ತಲೇ ಇತ್ತು, ಸುಮ್ಮನೆ ಉಸಿರಾಡುತ್ತಾ ಕೂತಿದ್ದರೆ ಆಗಿತ್ತು. ಗೆಳೆಯನ ತುಟಿ ಬಿಗಿಯಿತು. ಕಣ್ಣು ಮುಚ್ಚಿತು. ಎದೆ ತುಂಬ ಗಾಳಿ ನಿಂತಿತು. ಕೈ ಒಂದು ಸಲ ಮಾಸ್ಕಿಗಾಗಿ ತಡಕಾಡಿತು, ಸಿಗಲಿಲ್ಲ. ಸಿಗದಿದ್ದರೆ ಬಯಲಿಗೆ ಓಡಬೇಕು. ನೆಲಕ್ಕೆ ಒದ್ದು ಮೇಲೆ ಹೋದ. ಒಂದು ಗುಳ್ಳೆಯೂ ಅವನ ಬಾಯಿಂದ ಬರಲಿಲ್ಲ.

ನಾನು ಮೇಲೆ ಬರುವಷ್ಟರಲ್ಲಿ ಅವನು ಅಂಚು ಹಿಡಿದು ನಗುತ್ತಿದ್ದ. "ಒಂದು ಹನಿ ಕುಡೀಲಿಲ್ಲ ಮಾರಾಯ. ಟೀ ನೀನೇ ಕೊಡಿಸ್ಬೇಕು" ಅಂದ. ಹೇಳುತ್ತಿದ್ದಂತೆ ದನಿ ಸಣ್ಣಗಾಯಿತು. ಕೆಮ್ಮಿದ. ತುಟಿಯ ಮೇಲೆ ತಿಳಿಗೆಂಪು ನೊರೆ. ಕತ್ತು ನೋಡನೋಡುತ್ತ ಊದಿಕೊಂಡಿತು. ಹಿಡಿಯಲು ಹೋದರೆ ಚರ್ಮದ ಕೆಳಗೆ ಮಂಡಕ್ಕಿ ಒತ್ತಿದಂತೆ ಚರಚರ ಎಂದಿತು.

"ನೀರು ನೆತ್ತಿಗೆ ಹತ್ತಿದೆ, ಅಷ್ಟೇ" ಎಂದ ಗುರು. ಅವನನ್ನು ಏನೆಂದು ಬೈದೆನೋ ನೆನಪಿಲ್ಲ. ಒದ್ದೆ ಚಡ್ಡಿಯಲ್ಲೇ ಆಟೋ ಹಿಡಿದು ಗೆಳೆಯನನ್ನು ಆಸ್ಪತ್ರೆಗೆ ಸಾಗಿಸಿದೆ.

ಬದುಕಿದ. ಎದೆಗೆ ನಳಿಗೆ ಹಾಕಿಸಿಕೊಂಡು ಹನ್ನೊಂದು ದಿನ ಮಲಗಿದ್ದು ಎದ್ದ. ಆದರೆ ಕ್ರೇನಿನ ಏಣಿ ಹತ್ತುವ ದಮ್ಮು ವಾಪಸು ಬರಲಿಲ್ಲ. ಅವನನ್ನು ಸ್ಟೋರಿಗೆ ಹಾಕಿದರು, ನಟ್ಟು ಬೋಲ್ಟು ಎಣಿಸುವ ಕೆಲಸ. ಜನರಲ್ ಶಿಫ್ಟ್. ನಮ್ಮವರೇ ಮುಳುಗುವ ಯೋಜನೆಯನ್ನು ಅಲ್ಲಿಗೇ ಕೈಬಿಟ್ಟರು, ನಾನು ಮೂರು ಪಾಳಿಗೆ ಮರಳಿದೆ. ಎರಡು ತಿಂಗಳ ಮೇಲೆ ಅಂಚೆಯಲ್ಲಿ ನನಗೊಂದು ಸರ್ಟಿಫಿಕೇಟ್ ಬಂತು, ನಾನು ಉತ್ತಮವಾಗಿ ತೇರ್ಗಡೆಯಾಗಿದ್ದೇನೆಂದು. ನಾಲ್ಕನೆಯ ದಿನದ ಪಾಠಕ್ಕೆ ನಾನು ಹೋಗಿಯೇ ಇರಲಿಲ್ಲ.

ಪುಸ್ತಿಕೆಯ ವಿಷಯವನ್ನು ಅವನಿಗೆ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ದಿನಾ ಅವನ ಮನೆ ದಾಟಿಯೇ ಬಸ್ ಸ್ಟಾಪಿಗೆ ಹೋಗಬೇಕು. ಕೊನೆಗೆ ಒಂದು ಭಾನುವಾರ ಬೆಳಗ್ಗೆ ಅವನ ಮನೆಯ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ, ನನ್ನ ನಿದ್ದೆ ನೋಡಿಕೊಂಡೆ ಎಂದೆ. ಅವನು ಬೈಯುತ್ತಾನೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ನೀ ಹೇಳಿದ್ರೂ ಅಷ್ಟೇ ಆಗ್ತಿತ್ತು ಮಾರಾಯ" ಅಂದ. ಸ್ವಲ್ಪ ನಿಂತು ಉಸಿರು ತೆಗೆದುಕೊಂಡ. "ಹನ್ನೆರಡು ವರ್ಷ ನನ್ ಹಿಂದೆ ಬಂದು ಮಾಸ್ಕ್ ಕಿತ್ತಿದೀಯ. ಅವ್ನು ಕಿತ್ತಾಗ ನೀನೇ ಅಂದ್ಕೊಂಡೆ."

ಆಮೇಲೆ ಒಳಗೆ ತಿರುಗಿ ಎರಡು ಕಾಫಿ ಹೇಳಿದ.

ಮರುದಿನ ಹೊಸ ಬ್ಯಾಚಿಗೆ ಪಾಠವಿತ್ತು. ಪಾಠ ಬದಲಾಯಿಸುವಂತಿಲ್ಲ, ಗ್ಯಾಸಿಗೆ ಅದೇ ಸರಿ. ಎಂಟು ಜನ ಮಾಸ್ಕ್ ಹಾಕಿಕೊಂಡು ವಾಲ್ವು ತಿರುಗಿಸುತ್ತಿದ್ದರು. ಸದ್ದಿಲ್ಲದೆ ಹಿಂದಿನಿಂದ ಹೋಗಿ ಒಬ್ಬನ ಮಾಸ್ಕ್ ಕಿತ್ತೆ. ಅವನು ತಕ್ಷಣ ಉಸಿರು ಕಟ್ಟಿ, ಕಣ್ಣು ಮುಚ್ಚಿ, ಮಾಸ್ಕಿಗಾಗಿ ತಡಕಾಡತೊಡಗಿದ. ಮೊದಲ ಸಲಕ್ಕೇ ಅಷ್ಟು ಚೆನ್ನಾಗಿ ಮಾಡಿದವರನ್ನು ನಾನು ಕಂಡದ್ದು ಕಡಿಮೆ. ಮಾಸ್ಕನ್ನು ಕೈಯಲ್ಲಿ ಹಿಡಿದುಕೊಂಡು ಅವನ ಬಿಗಿದ ತುಟಿ ನೋಡುತ್ತ ನಿಂತೆ. ಹೆಚ್ಚು ಹೊತ್ತು ನೋಡಲಾಗಲಿಲ್ಲ.

"ಬಿಡು! ಉಸಿರು ಬಿಡೋ!" ಎಂದು ಕೂಗಿಬಿಟ್ಟೆ.

ಎಲ್ಲರೂ ತಿರುಗಿದರು. ಅವನು ಕಣ್ಣು ತೆರೆದು ಗಾಬರಿಯಿಂದ ನನ್ನನ್ನೇ ನೋಡಿದ.

"ಯಾಕೆ ಸಾರ್, ನಾನು ಸರಿಯಾಗೇ ಮಾಡಿದ್ನಲ್ಲ?"

"ಸರಿಯಾಗೇ ಮಾಡ್ದೆ" ಎಂದು ಹೇಳಿ ಅವನ ಮಾಸ್ಕನ್ನು ಅವನ ಕೈಗೆ ಕೊಟ್ಟೆ.