ಹಿಂದಕ್ಕೆ ಕಳಿಸಿದ ಹುಡುಗಿಯರು

ಅದು 2016ರ ಜುಲೈ, ಆಸ್ಟ್ರೇಲಿಯಾದಲ್ಲಿ ಚಳಿಗಾಲ. ಆಗ ನಾವು ಸಿಡ್ನಿಯ ಗಿರಾವೀನ್‌ಗೆ ಬಂದು ಕೆಲವು ವರ್ಷಗಳಾಗಿದ್ದವು. ಮಗಳು ಸಿಂಚನಾಗೆ ಹದಿನಾರು. ಅವಳಿಗೆ ಒಬ್ಬ ಕೊರಿಯನ್ ರ‍್ಯಾಪರ್ ಎಂದರೆ ಪ್ರಾಣ. ತಾಳಕ್ಕೆ ಸರಿಯಾಗಿ ಮಾತನ್ನೇ ಪಟಪಟನೆ ಹೇಳುತ್ತಾ ಹೋಗುವ ಹಾಡುಗಾರ ಅವನು. ಮೆಲ್ಬರ್ನ್‌ನಲ್ಲಿ ಮಾತ್ರ ಅವನ ಕಾರ್ಯಕ್ರಮ, ಸಿಡ್ನಿಗೆ ಬರುವುದಿಲ್ಲ ಎಂದು ತಿಳಿದ ದಿನ ಮಗಳು ಸರಿಯಾಗಿ ಊಟವನ್ನೇ ಮಾಡಲಿಲ್ಲ. ‘ಒಬ್ಬಳನ್ನೇ ಕಳ್ಸೋಕಾಗಲ್ಲ. ನೀನೇ ಕರ್ಕೊಂಡು ಹೋಗು’ ಎಂದರು ನಮ್ಮ ಯಜಮಾನರು. ಶನಿವಾರದ ಭಜನೆ ಬಿಟ್ಟರೆ ಬೇರೆ ಹಾಡಿನ ಗೊಡವೆಗೆ ಹೋಗದ ನಾನು ಹೀಗೆ ಮೆಲ್ಬರ್ನ್‌ಗೆ ಹೊರಟೆ.

ಕ್ಲೇಟನ್‌ನಲ್ಲಿ ನನ್ನ ತಂಗಿಯ ಮನೆಯಲ್ಲಿ ಇಳಿದುಕೊಂಡೆವು. ಅಡುಗೆಮನೆಯಲ್ಲಿ ನಾನು ಬೀನ್ಸ್ ನಾರು ತೆಗೆಯುತ್ತಿದ್ದಾಗ ಮಗಳು ಅವನ ಕಥೆ ಹೇಳಿದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ತಿಳಿದಷ್ಟು ಇಷ್ಟು. ಅವನು ಮೊದಲು ನೆಲಮಾಳಿಗೆಯ ಸಣ್ಣ ಕ್ಲಬ್ಬುಗಳಲ್ಲಿ ತಾನೇ ಬರೆದ ಹಾಡು ಹೇಳುತ್ತಿದ್ದ. ಅದನ್ನು ಅಂಡರ್‌ಗ್ರೌಂಡ್ ಅನ್ನುತ್ತಾರೆ. ಆಮೇಲೆ ಒಂದು ಕಂಪನಿ ಅವನನ್ನು ತೆಗೆದುಕೊಂಡು, ಕುಣಿತ ಕಲಿಸಿ, ಕೂದಲಿಗೆ ಬಣ್ಣ ಹಚ್ಚಿ, ಹುಡುಗರ ತಂಡವೊಂದಕ್ಕೆ ಸೇರಿಸಿತು. ಅಂಥವರು ಐಡಲ್‌ಗಳು. ಅಂದಿನಿಂದ ಹಳೆಯ ಗೆಳೆಯರು ‘ಕಾಡಿಗೆ ಹಚ್ಚಿಕೊಂಡ ಗೊಂಬೆ’ ಎಂದು ಅವನ ಮೇಲೆಯೇ ಹಾಡು ಕಟ್ಟಿದರು. ಇತ್ತ ತಂಡದ ಅಭಿಮಾನಿಗಳು, ನೋಡಲು ಚೆನ್ನಾಗಿಲ್ಲದ ಇವನನ್ನು ಯಾಕೆ ಸೇರಿಸಿಕೊಂಡರೋ ಎಂದರು. ಅವನು ತಂಡವನ್ನೂ ಬಿಡಲಿಲ್ಲ, ಬರೆಯುವುದನ್ನೂ ಬಿಡಲಿಲ್ಲ. ಈಗ ಮೊದಲ ಸಲ ಒಬ್ಬನೇ ಊರೂರಿಗೆ ಹೊರಟಿದ್ದ.

‘ಪಾಪ, ಅತ್ತಲೂ ಬೈಗುಳ, ಇತ್ತಲೂ ಬೈಗುಳ’ ಎಂದೆ.

‘ಎಕ್ಸಾಕ್ಟ್ಲಿ, ಅಮ್ಮ’ ಎಂದಳು. ನಾನು ಅವಳ ವಿಷಯವೊಂದನ್ನು ಸರಿಯಾಗಿ ಹಿಡಿದದ್ದು ಆ ವರ್ಷದಲ್ಲಿ ಅದೇ ಮೊದಲಿರಬೇಕು.

ಮರುದಿನ ಬೆಳಿಗ್ಗೆಯೇ ಹಾಲ್‌ನ ಮುಂದೆ ಸಾಲು ಇತ್ತು. ಬಹುಪಾಲು ಹುಡುಗಿಯರು. ವಿಯೆಟ್ನಾಮಿನವರು, ಚೀನಾದವರು, ಫಿಲಿಪೀನ್ಸಿನವರು, ಇಲ್ಲಿಯ ಬಿಳಿಯರು, ಎಲ್ಲರ ಕೈಯಲ್ಲೂ ಐಡಲ್ ಅಭಿಮಾನಿಗಳು ಹಾಡಿಗೆ ಬೀಸುವ ಬೆಳಕಿನ ಕೋಲು. ಈ ಅಭಿಮಾನಿಗಳಲ್ಲಿ ಒಂದು ಪದ್ಧತಿ ಇದೆ. ಬಂದವರ ಕೈಯ ಹಿಂಭಾಗದಲ್ಲಿ ಅವರವರ ಸರದಿಯ ನಂಬರನ್ನು ಮಾರ್ಕರಿನಲ್ಲಿ ಬರೆಯುತ್ತಾರೆ. ಅದಿದ್ದರೆ ಟಾಯ್ಲೆಟ್‌ಗೆ ಹೋಗಿ ಬಂದರೂ ಜಾಗ ನಮ್ಮದೇ. ಬರೆಯುತ್ತಿದ್ದವಳು ಲಿನ್ ಎಂಬ ಹುಡುಗಿ, ಡ್ಯಾಂಡಿನಾಂಗ್‌ನವಳು. ನನ್ನ ಕೈಗೂ ಬರೆದಳು.

ಮಧ್ಯಾಹ್ನ ನಾನು ಹುಳಿಯನ್ನದ ಡಬ್ಬಿ ತೆಗೆಯುವ ಮುಂಚೆ ಅಭ್ಯಾಸಬಲದಿಂದ ಹೋಗಿ ಕೈಯನ್ನು ಸೋಪು ಹಚ್ಚಿ ಚೆನ್ನಾಗಿ ಉಜ್ಜಿ ತೊಳೆದುಬಿಟ್ಟೆ. ನಂಬರು ನೀರಿನ ಪಾಲು! ಮಗಳು ತಲೆ ಚಚ್ಚಿಕೊಂಡಳು. ‘ಅಮ್ಮಾ! ಯಾರಾದ್ರೂ ಅದನ್ನ ತೊಳೀತಾರಾ?’

‘ಊಟಕ್ಕೆ ಮುಂಚೆ ಕೈ ತೊಳೀದೆ ಇನ್ನೇನು ಮಾಡ್ತಾರೆ?’

ಲಿನ್ ನಕ್ಕು, ಒಂದು ಮಾತೂ ಕೇಳದೆ ಮತ್ತೆ ಬರೆದುಕೊಟ್ಟಳು. ನನ್ನ ಹಿಂದಿದ್ದವರು ಯಾರೂ ತಕರಾರು ಮಾಡಲಿಲ್ಲ. ಚಳಿಯಲ್ಲಿ ನಡುಗುತ್ತಾ ಹುಳಿಯನ್ನ ಹಂಚಿಕೊಂಡು ತಿಂದರು. ಆ ಮಕ್ಕಳ ಶಿಸ್ತು ನೋಡಿ ನನಗೆ ಹೆಮ್ಮೆಯಾಯಿತು.

ಸಂಜೆ ಬಾಗಿಲು ತೆಗೆಯುವ ಹೊತ್ತಿಗೆ, ಕಾರ್ಯಕ್ರಮ ಏರ್ಪಡಿಸಿದವರ ಕಡೆಯ ಒಬ್ಬ ಯುವಕ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಬಂದ. ಬೆಳಕಿನ ಕೋಲು ಇರುವವರೆಲ್ಲ ಒಳಗೆ ಹಿಂದಿನ ಹಗ್ಗದಾಚೆ ನಿಲ್ಲಬೇಕು ಎಂದ. ವಿಡಿಯೋ ತೆಗೆಯುತ್ತಾರಂತೆ. ಮುಂದೆ ‘ನಿಜವಾದ ಹಿಪ್‌ಹಾಪ್ ಕೇಳುವವರು’, ಅಂದರೆ ಐಡಲ್‌ಗಾಗಿ ಅಲ್ಲದೆ ರ‍್ಯಾಪ್ ಸಂಗೀತಕ್ಕಾಗಿಯೇ ಬಂದವರು, ಕಾಣಿಸಬೇಕಂತೆ. ಆಗತಾನೇ ಬಂದು ಗೋಡೆಗೆ ಒರಗಿ ನಿಂತಿದ್ದ ಹುಡುಗರ ಗುಂಪನ್ನು ಕೈಬೀಸಿ ಕರೆದ.

ಕೋಲನ್ನು ಬ್ಯಾಗಿನಲ್ಲಿ ಇಡುತ್ತೇವೆ ಎಂದಳು ಲಿನ್. ಅವನು ಕೇಳಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ನನ್ನ ಹರುಕುಮುರುಕು ಇಂಗ್ಲಿಷಿನಲ್ಲೇ ಕೇಳಿದೆ: ‘ಬೆಳಿಗ್ಗೆಯಿಂದ ನಿಂತವರು ಇವರು. ಟಿಕೆಟ್ಟೂ ಅದೇ ಟಿಕೆಟ್ಟು. ಇವರೇನು ನಿಜವಾಗಿ ಕೇಳುವವರಲ್ವಾ?’

ಅವನು ನನ್ನ ಸೀರೆ, ಸ್ವೆಟರ್, ಸ್ಪೋರ್ಟ್ಸ್ ಶೂ ನೋಡಿ, ‘ಮೇಡಂ, ನೀವು ಸರಿಯಾದ ಜಾಗಕ್ಕೇ ಬಂದಿದ್ದೀರಾ?’ ಎಂದ. ಗೋಡೆ ಪಕ್ಕದ ಗುಂಪಿನಲ್ಲಿ ನಮ್ಮ ದೇಶದ್ದೇ ಒಂದು ಪ್ರಾಣಿಯಿತ್ತು. ‘ಆಂಟೀಜೀ, ಮಂದಿರ್ ಉಧರ್ ಹೈ’ ಎಂದು ರಸ್ತೆಯ ಆಚೆ ಕೈ ತೋರಿಸಿತು. ಎಲ್ಲರೂ ನಕ್ಕರು.

‘ಅಮ್ಮಾ, ಪ್ಲೀಸ್, ಸೀನ್ ಬೇಡ’ ಎಂದು ಮಗಳು ತೋಳು ಹಿಡಿದೆಳೆದಳು. ಅವಳ ಕಣ್ಣು ತುಂಬಿತ್ತು. ನಾನು ಅವಳ ಹಿಂದೆ ನಡೆದೆ. ಹುಡುಗಿಯರೆಲ್ಲ ಹಿಂದಿನ ಹಗ್ಗದಾಚೆಗೆ ಹೋದರು.

ಕೊನೆಗೆ ಮಗಳ ಆ ರ‍್ಯಾಪರ್ ವೇದಿಕೆಗೆ ಬಂದ. ಬಡಕಲು ಹುಡುಗ, ಕರಿ ಅಂಗಿ. ಮೂರ್ನಾಲ್ಕು ಹಾಡಾದ ಮೇಲೆ, ಕ್ಲಬ್ಬಿನ ದಿನಗಳಲ್ಲಿ ಬರೆದ ಮೊದಲ ಹಾಡು ಎಂದು ಏನನ್ನೋ ಶುರು ಮಾಡಿದ. ಪ್ರತಿ ಸಾಲಿನ ಕೊನೆಯನ್ನು ಜನರೇ ಹೇಳಬೇಕು. ಅದಕ್ಕೆಂದು ಮೈಕನ್ನು ಮುಂದಕ್ಕೆ ಚಾಚಿದ.

ಮುಂದಿನ ‘ನಿಜವಾದವರು’ ಕೈಕಟ್ಟಿ ನಿಂತಿದ್ದರು. ಕೆಲವರು ಫೋನು ಹಿಡಿದಿದ್ದರು. ಒಬ್ಬರ ಬಾಯಿಂದಲೂ ಸೊಲ್ಲು ಹೊರಡಲಿಲ್ಲ. ಭಜನೆಯಲ್ಲಿ ನಾನು ಸಾಲು ಎತ್ತಿಕೊಟ್ಟಾಗ ಹಿಡಿಯುವವರಿಲ್ಲದಿದ್ದರೆ ಹೇಗಾಗುತ್ತದೆ ಎಂದು ನನಗೆ ಗೊತ್ತು.

ಅಷ್ಟರಲ್ಲಿ ಹಗ್ಗದಾಚೆಯಿಂದ ಹಾಡಿನ ಇಡೀ ಸಾಲು ಒಂದೇ ದನಿಯಲ್ಲಿ ಹೊರಟಿತು. ಲಿನ್, ಸಿಂಚನಾ, ಅವರೆಲ್ಲರೂ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ನನ್ನ ಮಗಳು ಕತ್ತಿನ ನರ ಉಬ್ಬಿಸಿ ಕೊರಿಯನ್ ಹೇಳುತ್ತಿದ್ದಳು. ಒಂದು ಸಾಲೂ ತಪ್ಪಲಿಲ್ಲ.

ಅವನು ಹಾಡು ನಿಲ್ಲಿಸಿ, ಹಣೆಗೆ ಕೈ ಅಡ್ಡ ಹಿಡಿದು, ಕತ್ತಲಲ್ಲಿ ಹಿಂದಕ್ಕೆ ನೋಡಿದ. ‘ವೈ ಸೋ ಫಾರ್?’ ಎಂದು ಕೇಳಿದ.

‘ಅವರು ಐಡಲ್ ಫ್ಯಾನ್‌ಗಳು, ಬಿಡು’ ಎಂದ ವೇದಿಕೆಯ ಪಕ್ಕ ನಿಂತಿದ್ದ ಕಾರ್ಯಕ್ರಮದ ನಿರೂಪಕ, ನಗುತ್ತಾ.

ರ‍್ಯಾಪರ್ ನಗಲಿಲ್ಲ. ‘ಮೀ ಆಲ್ಸೋ ಐಡಲ್’ ಎಂದ. ಹಗ್ಗ ತೆಗೆಯಿರಿ ಎಂದು ಕೈಸನ್ನೆ ಮಾಡಿದ. ಯಾರೂ ತೆಗೆಯಲಿಲ್ಲ. ಆಗ ಅವನು ಆ ಹಾಡನ್ನು ಮೊದಲಿನಿಂದ ಮತ್ತೆ ಶುರು ಮಾಡಿ, ಮುಂದಿನವರ ತಲೆಯ ಮೇಲಿಂದ ಹಿಂದಿನವರನ್ನೇ ನೋಡುತ್ತಾ ಮುಗಿಸಿದ. ನನ್ನ ಮಗಳು ಅತ್ತಳು. ನಾನೂ ಅತ್ತೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕೆಲವು ವಾರಗಳ ನಂತರ ಆ ವಿಡಿಯೋ ಇಂಟರ್ನೆಟ್ಟಿನಲ್ಲಿ ಬಂತು. ಸಿಂಚನಾ ಓಡಿ ಬಂದು ತೋರಿಸಿದಳು. ಹುಡುಗಿಯರ ದನಿ ಹಾಗೆಯೇ ಇತ್ತು, ಕೋಣೆ ತುಂಬುವಷ್ಟು. ಮುಖ ಮಾತ್ರ ಒಂದೂ ಇರಲಿಲ್ಲ. ದನಿ ಎದ್ದ ಕಡೆಯಲ್ಲೆಲ್ಲ ಮುಂದಿನ ಸಾಲಿನ ಹುಡುಗರನ್ನು ಹಾಕಿದ್ದರು. ಅವನು ಹಿಂದಕ್ಕೆ ನೋಡಿ ಕೇಳಿದ ಪ್ರಶ್ನೆಯನ್ನೂ ಕತ್ತರಿಸಿದ್ದರು. ಕೆಳಗೆ ಯಾರೋ ಹೊಗಳಿದ್ದರು: ಮೆಲ್ಬರ್ನ್‌ನ ಹಿಪ್‌ಹಾಪ್ ಹುಡುಗರಿಗೆ ಹಳೆಯ ಹಾಡೂ ಬಾಯಿಪಾಠ!

ಅದು ನನ್ನ ಮಗಳ ದನಿ, ಹಿಂದೆ ತಳ್ಳಿದ ಮಕ್ಕಳ ದನಿ ಎಂದು ನಾನು ಅದರ ಕೆಳಗೆ ಬರೆದೆ. ಎರಡನೇ ದಿನ ನೋಡಿದರೆ ನಾನು ಬರೆದದ್ದನ್ನು ತೆಗೆದುಹಾಕಿದ್ದರು. ‘ಲೆಟ್ ಇಟ್ ಗೋ, ಅಮ್ಮ’ ಎಂದಳು ಸಿಂಚನಾ. ಅವಳು ಬಿಟ್ಟಳು. ಈಗ ಯೂನಿವರ್ಸಿಟಿ ಓದುತ್ತಿದ್ದಾಳೆ, ಅದನ್ನು ನೆನೆದು ನಗುತ್ತಾಳೆ ಕೂಡ.

ನನಗೆ ಬಿಡಲಾಗುವುದಿಲ್ಲ. ಇನ್ನೊಬ್ಬರ ದನಿ ಬೇಕು, ಮುಖ ಬೇಡ ಅನ್ನುವವರನ್ನು ಕಂಡರೆ ಇಂದಿಗೂ ನನಗೆ ಸಿಟ್ಟು ಬರುತ್ತದೆ. ಆ ವಿಡಿಯೋ ಇನ್ನೂ ಇದೆ. ಅದರಲ್ಲಿ ಹಾಡು ಅಷ್ಟು ಜೋರಾಗಿ ಕೇಳುವಾಗ, ಆ ಹುಡುಗರ ತುಟಿ ಮುಚ್ಚಿಯೇ ಇದೆ.