ಎದುರು ಮನೆಯ ಸುಂದರವ್ವ

ಬಾವಿ ಓಣಿಯಲ್ಲಿ ಯಾರಿಗಾದರೂ ಏನು ಬೇಕೆಂದು ತಿಳಿಯಬೇಕಾದರೆ ಅವರನ್ನು ಕೇಳಿ ಪ್ರಯೋಜನವಿಲ್ಲ. ಅವರ ಎದುರು ಮನೆಯವರನ್ನು ಕೇಳಬೇಕು. ಇಂಡಿಯಿಂದ ಟೆಂಪೋ ಹಿಡಿದರೆ ಅರ್ಧ ತಾಸಿನ ಹಾದಿಯ ಹಳ್ಳಿಯಲ್ಲಿ ಮೂವತ್ತೆಂಟು ಮನೆಗಳ ಒಂದು ಓಣಿ, ಆ ಓಣಿಗೊಂದು ಸಂಘ, ಆ ಸಂಘಕ್ಕೆ ಒಂದೇ ಕಾಯಿದೆ: ತನ್ನ ಮನೆಯ ಮಾತನ್ನು ತಾನು ಆಡುವಂತಿಲ್ಲ. ನಿಮ್ಮ ನಲ್ಲಿಗೆ ನೀರು ಬಾರದಿದ್ದರೆ ಪಂಚಾಯಿತಿಗೆ ಹೋಗಿ ಜಗಳಾಡುವವರು ಎದುರು ಮನೆಯವರು. ಅವರ ಪಿಂಚಣಿ ನಿಂತರೆ ಇಂಡಿಗೆ ಅಲೆಯುವವರು ನೀವು. ವಿಧಾನಸಭೆಯಲ್ಲಿ ಎದುರಿಗೆ ಕೂತವರು ವಿರೋಧ ಪಕ್ಷ. ಇಲ್ಲಿ ಎದುರಿಗೆ ಕೂತವರೇ ವಕೀಲರು.

ಈ ಕಾಯಿದೆ ಮಾಡಿದವರು ಸುಂದರವ್ವ. ತವರು ನಿಡಗುಂದಿ, ಓದಿದ್ದು ನಾಲ್ಕನೇ ಇಯತ್ತೆ, ಕೆಲಸ ಲಿಂಬಿಕಾಯಿ ಆರಿಸುವುದು. ರಾಶಿಯಿಂದ ಎತ್ತಿದ ಕಾಯಿಯನ್ನು ಅಂಗೈಯೇ ತೂಗಿ ದೊಡ್ಡದು, ನಡುವಿನದು, ಸಣ್ಣದು ಎಂದು ಮೂರು ಬುಟ್ಟಿಗೆ ಎಸೆಯುತ್ತದೆ. ಕಣ್ಣೂ ಬಾಯಿಯೂ ಅಷ್ಟರಲ್ಲಿ ಪಕ್ಕದವಳ ಸಂಸಾರದಲ್ಲಿರುತ್ತವೆ. ಸಂಘಕ್ಕೆ ಅಧ್ಯಕ್ಷರಿಲ್ಲ, ಈಕೆ ಕಾರ್ಯದರ್ಶಿ. ಕಾರ್ಯ ಮಾಡುವವರೇ ದರ್ಶನವನ್ನೂ ಕೊಡುವುದು ನಮ್ಮ ಕಡೆ ಅಪರೂಪ.

ಹಿಂದೆ ಓಣಿಗೆ ನಲ್ಲಿ ಬಂದೂ ನೀರು ಬಾರದಿದ್ದಾಗ ಎಲ್ಲರೂ ಒಟ್ಟಿಗೇ ಪಂಚಾಯಿತಿಗೆ ನುಗ್ಗಿ, ಒಟ್ಟಿಗೇ ಒದರಿ, ಒಟ್ಟಿಗೇ ಬರಿಗೈಲಿ ಬಂದಿದ್ದರು. ಆಗ ಸುಂದರವ್ವ ಎದುರು ಮನೆಯ ನಜಮಾಳ ಕೈಹಿಡಿದು ಅಂದದ್ದಿಷ್ಟು: "ನಿನ್ನ ನಲ್ಲಿ ಸುದ್ದಿ ನಾ ಹೇಳ್ತೇನಿ, ನನ್ನ ನಲ್ಲಿ ಸುದ್ದಿ ನೀ ಹೇಳು. ಸ್ವಂತಕ್ಕ ಕೇಳಾಕ ನಾಚಿಕಿ ಬರ್ತೈತಿ, ಮಂದಿ ಸಲುವಾಗಿ ಕೇಳಾಕ ಎಂಥಾ ನಾಚಿಕಿ?" ತನಗಾಗಿ ಕೇಳುವವರಿಗೆ "ನಾಳೆ ಬಾ" ಎನ್ನುವ ಅಭ್ಯಾಸ ಕಚೇರಿಯವರಿಗಿತ್ತು. ಬೇರೆಯವರಿಗಾಗಿ ಕೇಳಿದರೆ ಏನೆನ್ನಬೇಕೆಂದು ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಎರಡೂ ನಲ್ಲಿಗೆ ನೀರು ಬಂದಿತ್ತು.

ಕಳೆದ ವರ್ಷ ಓಣಿಯ ಮೇಲೆ ಡ್ರೋನ್ ಹಾರುವ ಸುದ್ದಿ ಬಂತು. ಮನೆಗಳ ಅಳತೆಗೆ. ಪ್ರತಿ ಮನೆಯ ಸುತ್ತ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಬೇಕು. ಮೇಲಿನಿಂದ ಫೋಟೊ ತೆಗೆಯುತ್ತಾರೆ. ಗೆರೆಯೊಳಗಿನ ಜಾಗಕ್ಕೆ ಹಕ್ಕಿನ ಕಾಗದ ಸಿಗುತ್ತದೆ. ನಜಮಾಳ ಎರಡು ಖಣದ ಪುಟ್ಟ ಮನೆಗೆ ಯಾವ ಕಾಗದವೂ ಇರಲಿಲ್ಲ. ಅವಳ ಮಾವನ ಅಪ್ಪನಿಗೆ ಯಾರೋ "ಇಲ್ಲೇ ಕಟ್ಟಿಕೋ" ಅಂದಿದ್ದರು, ಅವರು ಕಟ್ಟಿಕೊಂಡಿದ್ದರು, ಅಷ್ಟೇ. ಈ ಸಲ ತಪ್ಪಿದರೆ ಆ ಮನೆ ಯಾರದೂ ಅಲ್ಲ. ಆದರೆ ಅಳತೆಯ ದಿನವೇ ನಜಮಾ ಇಂಡಿಯ ಆಸ್ಪತ್ರೆಯಲ್ಲಿ, ಮಗಳು ಅಲ್ಮಾಸಳ ಬಾಣಂತನದಲ್ಲಿ.

"ಮಾಲೀಕರು ಇರದಿದ್ದರೆ ಎದುರಿನವರ ಸಹಿ ತಗೋತೀನಿ," ಎಂದು ಸರ್ವೆಯ ಅನಿಲ ಮೊದಲೇ ತಿಳಿಸಿದ್ದ. ಮೈಸೂರು ಕಡೆಯ ಹುಡುಗ, ಮೆತ್ತಗಿನ ಮಾತು. "ಆದರೆ ಗೆರೆ ದಾರಿಗೆ ಬರಬಾರದು. ಬಂದರೆ ಆ ಮನೆ ತಕರಾರಿನ ಪಟ್ಟಿಗೆ ಹೋಗುತ್ತೆ. ಕಾಗದ ಇಲ್ಲದವರ ಮನೆ ಅಲ್ಲಿಗೆ ಹೋದರೆ ವಾಪಸ್ ಬರೋದು ಕಷ್ಟ."

ಬೆಳಗ್ಗೆ ಓಣಿ ಸುಣ್ಣ ಹಿಡಿದು ಹೊರಬಿತ್ತು. ಕಾಯಿದೆ ಕಾಯಿದೆಯೇ: ಎಲ್ಲರೂ ಎಳೆದದ್ದು ಎದುರು ಮನೆಯ ಗೆರೆ. ಗುರವ್ವ ತನ್ನೆದುರಿನ ಯುನೂಸನ ಮನೆಯ ನಾಲ್ಕು ಮೂಲೆಗೂ ಒಂದೊಂದು ನವಿಲು ಬಿಡಿಸಿದಳು.

"ಅಕ್ಕಾ, ಮ್ಯಾಲಿನವ್ರು ನಮ್ಮ ಮನ್ಯಾಗ ಲಗ್ನ ಐತಿ ಅಂದ್ಕೊಂಡಾರು!" ಅಂದ ಯುನೂಸ.

"ಅಂದ್ಕೊಳ್ಲಿ ಬಿಡೋ. ನಿನ್ನ ಮಾರಿ ಅಂತೂ ಫೋಟೊದಾಗ ಛಂದ ಬರೂದಿಲ್ಲ, ಮನಿಯರ ಬರ್ಲಿ."

ಹತ್ತಕ್ಕೆ ಅನಿಲ ಬಂದ. ನಕ್ಷೆ ನೋಡಿದ, ನೆಲ ನೋಡಿದ, ಮತ್ತೆ ನಕ್ಷೆ ನೋಡಿದ. "ದಾರಿ ಎಲ್ಲಿ?"

ದಾರಿ ಇರಲಿಲ್ಲ. ಎದುರಿನವರಿಗೆ ಕಡಿಮೆಯಾದೀತೆಂಬ ಅಂಜಿಕೆಗೆ ಒಬ್ಬರು ಒಂದು ಗೇಣು, ಇನ್ನೊಬ್ಬರು ಒಂದು ಮೊಳ ಹೆಚ್ಚು ಹಾಕಿದ್ದರು. ಎರಡೂ ಕಡೆಯ ಔದಾರ್ಯ ನಡುವೆ ಡಿಕ್ಕಿ ಹೊಡೆದು ಓಣಿಯನ್ನೇ ನುಂಗಿತ್ತು. ಭೀಮೆಯ ನೆರೆ ದಾರಿ ನುಂಗಿದ್ದನ್ನು ಈ ಸೀಮೆ ಕಂಡಿತ್ತು. ನೆರೆಹೊರೆ ನುಂಗಿದ್ದು ಅದೇ ಮೊದಲು.

ಅನಿಲ ಟೋಪಿ ತೆಗೆದ. "ಅಮ್ಮಾ, ಮೂವತ್ತು ಊರು ಅಳೆದಿದ್ದೀನಿ. ಎಲ್ಲ ಕಡೆ ಪಕ್ಕದವರ ಜಾಗ ತಮ್ಮ ಕಡೆ ಎಳ್ಕೋತಾರೆ. ಬಿಡಿಸೋಕೆ ಪೊಲೀಸರನ್ನ ಕರೆದದ್ದೂ ಉಂಟು. ತಮ್ಮ ಬಾಗಿಲ ತನಕ ಬೇರೆಯವರ ಗೆರೆ ಎಳೆದು ತಂದವರನ್ನ ನಾನು ನೋಡಿಲ್ಲ." ಆಮೇಲೆ ಸರ್ಕಾರಿ ಕೆಲಸ ನೆನಪಾಯಿತು. "ಹನ್ನೆರಡು ಅಡಿ ದಾರಿ ಬಿಡಿ. ಒಂದು ತಾಸಿನಲ್ಲಿ ಡ್ರೋನ್ ಹಾರಿಸಿ ಮುಂದಿನ ಊರಿಗೆ ಹೋಗಬೇಕು."

ಕಸಬರಿಗೆಗಳು ಬಂದವು. ನವಿಲುಗಳ ಬಾಲ ಹೋಯಿತು. ಮುಕ್ಕಾಲು ತಾಸಿನಲ್ಲಿ ಓಣಿ ನೇರಾಯಿತು, ಒಂದು ಕಡೆ ಬಿಟ್ಟು. ಸುಂದರವ್ವನ ಮನೆ ಮುಂದಿನ ಕಲ್ಲಿನ ಕಟ್ಟೆಗೂ ನಜಮಾಳ ಅಂಗಳಕ್ಕೂ ನಡುವೆ ಒಂಬತ್ತೇ ಅಡಿ. ಮೂರು ಅಡಿಯನ್ನು ಒಬ್ಬರು ಬಿಡಬೇಕು.

"ನಜಮಾನ ಅಂಗಳದಾಗ ಒಂದು ಬೆರಳೂ ಬಿಡೂದಿಲ್ರಿ," ಅಂದರು ಸುಂದರವ್ವ. "ಮೂರಡಿ ಹೋದ್ರ ಆಕಿ ಒಲಿ ಹೋಗ್ತೈತಿ, ಬಚ್ಚಲಾ ಹೋಗ್ತೈತಿ."

"ಹಾಗಾದ್ರೆ ನಿಮ್ಮ ಕಟ್ಟೆ ಬಿಡ್ತೀರಾ?"

"ಅದು ನನ್ನ ಮನಿ ಮಾತು. ನಾ ಹ್ಯಾಂಗ ಹೇಳ್ಲಿ? ನಜಮಾನ್ನ ಕೇಳ್ರಿ."

ಯುನೂಸ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ನಜಮಾ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಸಾಹೇಬ್ರ, ಅಕ್ಕನ ಕಟ್ಟಿ ಮುಟ್ಟಬ್ಯಾಡ್ರಿ! ಇಡೀ ಸಂಘ ಅದರ ಮ್ಯಾಲ ಕೂಡ್ತೈತಿ. ನನ್ನ ಅಂಗಳಾ ತಗೋರಿ."

"ಏ ನಜಮಾ! ನಿನ್ನ ಮನಿ ಮಾತು ನೀ ಆಡಬ್ಯಾಡ!"

"ನೀವೂ ಕಟ್ಟಿ ಮಾತು ಆಡಬ್ಯಾಡ್ರಿ!"

"ನಾ ಎಲ್ಲಿ ಆಡೀನಿ? ನಾ ನಿನ್ನ ಬಚ್ಚಲದ ಮಾತು ಆಡಾಕತ್ತೇನಿ!"

ಫೋನಿನೊಳಗೆ ಯಾರೋ ನರ್ಸು "ಸಾವಕಾಶ ಮಾತಾಡ್ರಿ" ಅಂದರು. ಅನಿಲ ಗಡಿಯಾರ ನೋಡಿದ. ಇಬ್ಬರೂ ಬಿಡದಿದ್ದರೆ ಎರಡೂ ತಕರಾರಿಗೆ. ಸುಂದರವ್ವನ ಮನೆಗೆ ಹಳೆಯ ಕಾಗದವಿದೆ, ಹೇಗೋ ಉಳಿದೀತು. ನಜಮಾಳದು ಉಳಿಯುವುದಿಲ್ಲ. ಓಣಿಗೆಲ್ಲ ಅದು ಗೊತ್ತಿತ್ತು. ಉಳಿದ ಮೂವತ್ತಾರು ಮನೆಗಳವರು ಸುಂದರವ್ವನನ್ನು ನೋಡಿದರು.

ಆಕೆ ಒಳಗೆ ಹೋಗಿ ಕಬ್ಬಿಣದ ಹಾರೆ ತಂದರು. ಒಂದು ಮಾತೂ ಆಡದೆ ಕಟ್ಟೆಯ ಮೊದಲ ಕಲ್ಲಿನ ಸಂದಿಗೆ ತೂರಿಸಿ ಮೀಟಿದರು. ಕಾಯಿದೆ ಬಾಯಿಗಿತ್ತು, ಕೈಗಿರಲಿಲ್ಲ.

ಗಂಡ ಮಡಿವಾಳಪ್ಪ ಬಾಯಿ ತೆರೆದರು. ಅದು ಅವರದೇ ಮನೆ ಎಂಬುದು ನೆನಪಾಗಿ ಮುಚ್ಚಿದರು. ಬೇಡ ಎನ್ನುವ ಹಕ್ಕಿದ್ದವಳು ನಜಮಾ ಒಬ್ಬಳೇ. "ಏನದು ಸಪ್ಪಳಾ? ಯಾರ ಕಲ್ಲು?" ಎಂದು ಅವಳ ದನಿ ಏರತೊಡಗಿದಾಗ ಯುನೂಸ ಸಾವಕಾಶ ಫೋನನ್ನು ಅಂಗಿಯ ಕಿಸೆಗೆ ಇಳಿಸಿ ಮೇಲೆ ಅಂಗೈ ಮುಚ್ಚಿದ. ಅರವತ್ತು ದಾಟಿದ ಹೆಣ್ಣುಮಗಳು ಏಳು ಕಲ್ಲನ್ನು ಒಂದೊಂದಾಗಿ ಎಬ್ಬಿಸತೊಡಗಿದರು. ಮೂರನೆಯ ಕಲ್ಲಿಗೆ ಅನಿಲನೇ ಅಳತೆಯ ಟೇಪು ಕೆಳಗಿಟ್ಟು ಕೈಹಚ್ಚಿದ. ಮುಗಿದಾಗ ಸುಂದರವ್ವ ಸುಣ್ಣದ ಪುಡಿ ಹಿಡಿದು ನಜಮಾಳ ಅಂಗಳದ ಗೆರೆಯನ್ನು ಒಂದಿಷ್ಟೂ ಅಲುಗದಂತೆ ತೀಡಿದರು.

ಡ್ರೋನ್ ಏರಿತು. ಗೆರೆಗಳ ನಡುವೆ ಹನ್ನೆರಡು ಅಡಿ ದಾರಿ ಬಿಳಿ ದಂಡೆಯ ಕಾಲುವೆಯಂತೆ ಬಿದ್ದಿತ್ತು. ನಜಮಾಳ ಅರ್ಜಿಯಲ್ಲಿ ಸಾಕ್ಷಿಗೆಂದು ಎರಡೇ ಸಾಲಿದ್ದವು. ಓಣಿಯೆಲ್ಲ ಸಾಲುಗಟ್ಟಿ ನಿಂತಿತು. ಅನಿಲ ಹಾಳೆಯ ಹಿಂಬದಿಯಲ್ಲೂ ಸಹಿ ಹಾಕಿಸಿಕೊಂಡ. ಹಾಗೆ ಮಾಡುವ ನಿಯಮ ಇದೆಯೋ ಇಲ್ಲವೋ, ಯಾರೂ ಕೇಳಲಿಲ್ಲ.

ನಾಲ್ಕನೆಯ ದಿನ ನಜಮಾ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಟೆಂಪೋ ಇಳಿದಳು. ತನ್ನ ಮನೆ ಕಡೆ ನೋಡಲೇ ಇಲ್ಲ. ಕಟ್ಟೆಯಿದ್ದ ಜಾಗ ನೋಡಿ, ಕೂಸನ್ನು ಗುರವ್ವನ ಕೈಗಿಟ್ಟು, "ಸಂಘ ಕೂಡಸ್ರಿ" ಅಂದಳು. ಕಾರ್ಯದರ್ಶಿಯ ಮೇಲೆ ಬಂದ ಮೊದಲ ದೂರು ಅದು.

ಕೂಡಲು ಕಟ್ಟೆ ಇರಲಿಲ್ಲ. ನಜಮಾಳ ಅಂಗಳದಲ್ಲೇ ಕೂತರು. ಸುಂದರವ್ವ ಏನೋ ಹೇಳಹೊರಟರು.

"ನಿಮ್ಮ ಮನಿ ಮಾತು. ಸುಮ್ಮ ಕೂಡ್ರಿ," ಅಂದಳು ನಜಮಾ.

ಹೆಚ್ಚೂಕಡಿಮೆ ಒಂದು ತಾಸು ಅವಳು ಆ ಕಟ್ಟೆಯ ಪರವಾಗಿ ವಾದಿಸಿದಳು: ಯಾವ ಬ್ಯಾಸಗಿಯಲ್ಲಿ ಯಾರು ಅಲ್ಲಿ ಕೂತು ಅತ್ತಿದ್ದರು, ಯಾರ ಅರ್ಜಿ ಅಲ್ಲಿ ಬರೆಯಲಾಯಿತು, ಯಾರ ಮದುವೆ ಅಲ್ಲಿ ಮುರಿಯುವುದು ತಪ್ಪಿತು. ತೀರ್ಪು ಏನಾಗಬೇಕೆಂದೂ ಅವಳೇ ಹೇಳಿದಳು: ಏಳು ಕಲ್ಲೂ ಇದೇ ಅಂಗಳದ ಗೋಡೆಗೆ ಹಚ್ಚಿ ಕೂಡಿಸಬೇಕು, ಕಟ್ಟೆ ಸುಂದರವ್ವನದೇ ಆಗಿರಬೇಕು. ಸಂಘ ಹೌದೆಂದಿತು. ತನ್ನ ಅಂಗಳದ ಮಾತು ನಜಮಾ ತಾನೇ ಆಡಿದ್ದು ಎಲ್ಲರಿಗೂ ಗೊತ್ತಾಯಿತು, ಯಾರೂ ಆ ಮಾತು ಎತ್ತಲಿಲ್ಲ. ಎತ್ತಬೇಕಾಗಿದ್ದ ಸುಂದರವ್ವ, ಬಾಯಲ್ಲಿ ಸೆರಗು ಕಚ್ಚಿಕೊಂಡು, ಆ ಹೊತ್ತಿಗೆ ಕಲ್ಲಿನ ಒಂದು ತುದಿ ಎತ್ತುತ್ತಿದ್ದರು.